ಸೂಪರ್‌ಮ್ಯಾನನೂ ಅವನ ಜನಕರೂ

ಪುರಾಣಪುರುಷರು ಪ್ರಾಚೀನ ಕಾಲದಲ್ಲಿ ಮಾತ್ರವೇ ಹುಟ್ಟುವರೆಂಬ ಭಾವನೆಯು ಸರಿಯಲ್ಲ. ಜನರ ಸಂಕಟವೂ ಕಲ್ಪನೆಯೂ ಎಲ್ಲಿ ಕೂಡುವುವೋ ಅಲ್ಲಿ ಅಂತಹವನೊಬ್ಬನು ಅವತರಿಸುವನು. ಅಮೆರಿಕಾ ದೇಶದ ಚಿತ್ರಕಥೆಗಳ ನಾಯಕನಾದ ಸೂಪರ್‌ಮ್ಯಾನನ ಚರಿತ್ರೆಯೇ ಇದಕ್ಕೆ ನಿದರ್ಶನ.

ಇವನನ್ನು ಸೃಷ್ಟಿಸಿದವರು ಓಹಿಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದ ಇಬ್ಬರು ತರುಣರು: ಕಥೆಗಾರ ಜೆರಿ ಸೀಗಲ್, ಚಿತ್ರಕಾರ ಜೋ ಶುಸ್ಟರ್. ಇಬ್ಬರೂ ಯೂರೋಪಿನಿಂದ ವಲಸೆ ಬಂದ ಯೆಹೂದಿ ಕುಟುಂಬಗಳ ಮಕ್ಕಳು. ದೇಶವೆಲ್ಲ ನಿರುದ್ಯೋಗದಿಂದ ಬಳಲುತ್ತಿದ್ದ ಕಾಲವದು. 1932ರಲ್ಲಿ ಸೀಗಲ್ಲರ ತಂದೆಯು ತಮ್ಮ ಬಟ್ಟೆಯಂಗಡಿಗೆ ಕಳ್ಳರು ನುಗ್ಗಿದ ಸಮಯದಲ್ಲಿ ಹೃದಯಾಘಾತದಿಂದ ಮೃತರಾದರು. 1933ರಲ್ಲಿ ಇವರು ಬರೆದ ಮೊದಲ ಕಥೆಯ ಅತಿಮಾನವನು ದುಷ್ಟನಾಗಿದ್ದನು. ಬಳಿಕ ಅವನನ್ನೇ ದೀನರಕ್ಷಕನನ್ನಾಗಿ ಮಾರ್ಪಡಿಸಿದರು.

1938ನೆಯ ಜೂನ್ ತಿಂಗಳ 'ಆಕ್ಷನ್ ಕಾಮಿಕ್ಸ್' ಪತ್ರಿಕೆಯ ಪ್ರಥಮ ಸಂಚಿಕೆಯಲ್ಲಿ ಅವನು ಪ್ರಕಟನಾದನು. ಸಂಚಿಕೆಯ ಬೆಲೆ 10 ಸೆಂಟು. ನಿರಪರಾಧಿನಿಯೊಬ್ಬಳನ್ನು ಮರಣದಂಡನೆಯಿಂದ ಉಳಿಸುವುದು, ಹೆಂಡತಿಯನ್ನು ಹೊಡೆಯುವವನನ್ನು ದಂಡಿಸುವುದು, ಇವೇ ಅವನ ಮೊದಲ ಸಾಹಸಗಳು. ನಾಶವಾಗುತ್ತಿದ್ದ ಗ್ರಹದಿಂದ ತಂದೆತಾಯಿಗಳು ಕಳುಹಿದ ಈ ಶಿಶುವು, ಪೆಟ್ಟಿಗೆಯಲ್ಲಿ ತೇಲಿಬಂದ ಕರ್ಣನಂತೆ, ಬುಟ್ಟಿಯಲ್ಲಿ ದೊರೆತ ಮೋಶೆಯಂತೆ, ಅನ್ಯರ ಮನೆಯಲ್ಲಿ ಬೆಳೆದವನು. ಪರದೇಶದಿಂದ ಬಂದು ನೆಲೆಯನ್ನರಸುತ್ತಿದ್ದ ಸಾವಿರಾರು ಮಂದಿ ತಮ್ಮ ಅನುಭವವನ್ನೇ ಅವನಲ್ಲಿ ಕಾಣುವುದು ಸಹಜವಾಗಿದ್ದಿತು. 1946ರಲ್ಲಿ ರೇಡಿಯೋ ಕಥಾನಕವೊಂದರಲ್ಲಿ ಅವನು ಚೀನೀ ಕುಟುಂಬವೊಂದನ್ನು ಪೀಡಿಸುವ ಮುಸುಕುಧಾರಿಗಳ ತಂಡವನ್ನು ಎದುರಿಸಿದನು. ಕು ಕ್ಲಕ್ಸ್ ಕ್ಲಾನ್ ಎಂಬ ವರ್ಣದ್ವೇಷಿ ಸಂಘದ ಛಾಯೆ ಅದೆಂಬುದನ್ನು ಕೇಳುಗರು ಅರಿಯದೆ ಇರಲಿಲ್ಲ.

ಆದರೆ ಲೋಕಕ್ಕೆ ನ್ಯಾಯವನ್ನು ದೊರಕಿಸಿದವನ ಜನಕರಿಗೆ ಮಾತ್ರ ನ್ಯಾಯವು ದೊರೆಯಲಿಲ್ಲ. 1938ರಲ್ಲಿಯೇ ಅವರು ಸಕಲ ಹಕ್ಕುಗಳನ್ನೂ 130 ಡಾಲರುಗಳಿಗೆ ಪ್ರಕಾಶಕರಿಗೆ ಬರೆದುಕೊಟ್ಟಿದ್ದರು. 1947ರಲ್ಲಿ ನ್ಯಾಯಾಲಯವನ್ನು ಹೊಕ್ಕರೂ ಹಕ್ಕು ಮರಳಲಿಲ್ಲ. ಕಥೆಗಳ ಮೇಲಿದ್ದ ಅವರ ಹೆಸರೂ ಅಳಿಸಿಹೋಯಿತು. ಕೊನೆಗೆ 1975ರಲ್ಲಿ, ಸೂಪರ್‌ಮ್ಯಾನನ ಚಲಚ್ಚಿತ್ರವು ಸಿದ್ಧವಾಗಲಿದ್ದಾಗ, ಸೀಗಲ್ಲರು ತಮ್ಮ ದುಃಸ್ಥಿತಿಯನ್ನು ಬಹಿರಂಗಪಡಿಸಿದರು. ಚಿತ್ರಕಾರರು ಅವರ ಪಕ್ಷವನ್ನು ವಹಿಸಿ ನಿಂತರು, ಪತ್ರಿಕೆಗಳೂ ದನಿಗೂಡಿಸಿದವು. ಆಗ ಒಡೆಯರಾದ ಸಂಸ್ಥೆಯವರು ಇಬ್ಬರಿಗೂ ವರ್ಷಾಶನವನ್ನು ಗೊತ್ತುಮಾಡಿ, ಹೆಸರುಗಳನ್ನು ಮರಳಿ ಮುದ್ರಿಸಲು ಒಪ್ಪಿದರು.

1978ರಲ್ಲಿ ಆ ಚಲಚ್ಚಿತ್ರವು ತೆರೆಕಂಡಿತು. 2025ರಲ್ಲಿಯೂ ಹೊಸದೊಂದು ಬಂದಿತು. ಹಾರಬಲ್ಲ ಶಕ್ತಿಯೊಂದರಿಂದಲೇ ಅವನು ಇಷ್ಟು ಕಾಲ ಬಾಳಿದನೆನ್ನಲಾಗದು. ಬಲವುಳ್ಳವನು ದುರ್ಬಲನ ಪಕ್ಷದಲ್ಲಿ ನಿಲ್ಲಬೇಕೆಂಬ ಹಂಬಲವು ಜನರಲ್ಲಿ ಬತ್ತದಿರುವುದೇ ಅವನ ದೀರ್ಘಾಯುಷ್ಯದ ಮೂಲ. 1975ರಲ್ಲಿ ಇಬ್ಬರು ವಯೋವೃದ್ಧರ ಹೆಸರನ್ನು ಉಳಿಸಿದುದು ಆ ಹಂಬಲವೇ. ಆ ಕೆಲಸವನ್ನು ಮಾಡಿದವರು ಅತಿಮಾನವರಲ್ಲ, ಸಾಮಾನ್ಯ ಮಾನವರು.