ರೂಮ್ ಹೀಟರ್

ವಿದ್ಯುತ್ತಿನಿಂದ ಕೋಣೆಯನ್ನು ಬೆಚ್ಚಗಾಗಿಸುವ ಗೃಹೋಪಯೋಗಿ ಸಾಧನ. ದೆಹಲಿ, ಶಿಮ್ಲಾ, ಶ್ರೀನಗರಗಳ ಚಳಿಗಾಲಕ್ಕೆ ಇದು ಬೇಕೇ ಬೇಕು. ಕರ್ನಾಟಕದಲ್ಲಿ ಬಳಕೆ ಕಡಿಮೆ. ಮಡಿಕೇರಿಯಂಥ ಎತ್ತರದ ಊರುಗಳಲ್ಲಿ, ಬೆಂಗಳೂರಿನ ಡಿಸೆಂಬರ್–ಜನವರಿಯಲ್ಲಿ ಬಾಣಂತಿಯರ, ವಯಸ್ಸಾದವರ ಕೋಣೆಗಳಲ್ಲಿ ಕಾಣಸಿಗುತ್ತದೆ. ಹಿಂದೆ ಅಲ್ಲೆಲ್ಲ ಕೆಂಡದ ಅಗ್ಗಿಷ್ಟಿಕೆ ಇರುತ್ತಿತ್ತು.

ತಂತಿಯಲ್ಲಿ ವಿದ್ಯುತ್ ಹರಿದಾಗ ಅದರ ರೋಧದಿಂದ ಶಾಖ ಹುಟ್ಟುತ್ತದೆ. ಈ ಶಾಖದ ಲೆಕ್ಕವನ್ನು ಜೇಮ್ಸ್ ಜೌಲ್ 1840ರ ದಶಕದಲ್ಲೇ ತೋರಿಸಿದ್ದರೂ, ಕೆಂಪಗೆ ಕಾದು ಬಾಳಿಕೆ ಬರುವ ತಂತಿ ಇರಲಿಲ್ಲ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ ನಿಕಲ್–ಕ್ರೋಮಿಯಂ ಮಿಶ್ರಲೋಹ ಆ ಕೊರತೆ ನೀಗಿಸಿತು.

1000 ವ್ಯಾಟ್ ಹೀಟರ್ ಅಗ್ಗದ್ದಾಗಲಿ ದುಬಾರಿಯದಾಗಲಿ, ಪೂರ್ಣ ಶಕ್ತಿಯಲ್ಲಿ ಗಂಟೆಗೆ ಒಂದು ಯೂನಿಟ್ ಎಳೆದು ಅಷ್ಟೇ ಶಾಖ ಕೊಡುತ್ತದೆ. ಆದ್ದರಿಂದ ‘ಹೆಚ್ಚು ಶಾಖ, ಕಡಿಮೆ ಬಿಲ್ಲು’ ಎಂಬ ಮಾತನ್ನು ನಂಬಬೇಕಿಲ್ಲ. ಬಗೆಗಳ ನಡುವಿನ ವ್ಯತ್ಯಾಸವಿರುವುದು ಶಾಖ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ.

ಕ್ವಾರ್ಟ್ಜ್, ಹ್ಯಾಲೊಜೆನ್ ರಾಡ್ ಹೀಟರ್‌ಗಳು ಎದುರಿಗೆ ಕೂತವರಿಗೆ ಒಲೆಯಂತೆ ತಕ್ಷಣ ಕಾವು ತಾಗಿಸುತ್ತವೆ. ಮುಖ ಸುಡುವಾಗಲೂ ಬೆನ್ನು ತಣ್ಣಗೇ ಇರುತ್ತದೆ. ಬ್ಲೋವರ್ ಸಣ್ಣ ಕೋಣೆಯ ಗಾಳಿಯನ್ನು ಬೇಗ ಬಿಸಿ ಮಾಡುತ್ತದೆ, ಸದ್ದೂ ಮಾಡುತ್ತದೆ. ಸೆರಾಮಿಕ್ ಹೀಟರ್ ಇದರ ಸುಧಾರಿತ ರೂಪ. ಬೇರಿಯಂ ಟೈಟನೇಟ್ ಆಧಾರಿತ ಅದರ ಬಿಲ್ಲೆ ಒಂದು ಮಟ್ಟ ಮೀರಿ ಕಾದಾಗ ರೋಧ ಥಟ್ಟನೆ ಏರಿ, ಕಾವು ತಾನಾಗಿ ಹತೋಟಿಗೆ ಬರುತ್ತದೆ. ಆಯಿಲ್ ಹೀಟರ್ ನಿಧಾನ, ಭಾರ, ಬೆಲೆಯೂ ಹೆಚ್ಚು. ಆದರೆ ನಿಶ್ಶಬ್ದ, ಆರಿಸಿದ ಮೇಲೂ ಕೆಲಹೊತ್ತು ಬೆಚ್ಚಗಿರುತ್ತದೆ. ಮಲಗುವ ಕೋಣೆಗೆ ಇದೇ ಮೇಲು. ಒಳಗಿನ ಎಣ್ಣೆ ಉರಿಯುವುದಿಲ್ಲ, ಮತ್ತೆ ತುಂಬಿಸಬೇಕಾಗಿಯೂ ಇಲ್ಲ.

ಇವೆಲ್ಲಕ್ಕಿಂತ ಮಿತವ್ಯಯಿ ಎಂದರೆ ಬಿಸಿಗಾಳಿಯನ್ನೂ ಕೊಡುವ ಏ.ಸಿ. ಅದು ಹೊರಗಿನ ಗಾಳಿಯ ಶಾಖವನ್ನೇ ಒಳಕ್ಕೆ ಸಾಗಿಸುವುದರಿಂದ, ಹೊರಗೆ ತೀರಾ ಕೊರೆಯದಿದ್ದರೆ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ದಕ್ಕುತ್ತದೆ.

ಹೀಟರ್ ಆಮ್ಲಜನಕ ತಿನ್ನುತ್ತದೆ ಎಂಬುದು ತಪ್ಪು ಗ್ರಹಿಕೆ. ಅಗ್ಗಿಷ್ಟಿಕೆಯ ಹಾಗೆ ಇಲ್ಲಿ ಏನೂ ಉರಿಯುವುದಿಲ್ಲ, ಕಾರ್ಬನ್ ಮಾನಾಕ್ಸೈಡೂ ಹುಟ್ಟುವುದಿಲ್ಲ. ಗಾಳಿ ಬಿಸಿಯಾದಂತೆ ಅದರ ಸಾಪೇಕ್ಷ ತೇವಾಂಶ ಇಳಿಯುವುದರಿಂದ ಗಂಟಲು, ಚರ್ಮ ಒಣಗುತ್ತವೆ, ಅಷ್ಟೆ.

ನಿಜವಾದ ಅಪಾಯ ವೈರಿಂಗಿನದು. 230 ವೋಲ್ಟಿನಲ್ಲಿ 2000 ವ್ಯಾಟ್ ಹೀಟರ್ 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಾಕೆಟ್ಟು, ಸಾಧಾರಣ ಎಕ್ಸ್‌ಟೆನ್ಷನ್ ಬೋರ್ಡು ಅದನ್ನು ತಡೆಯಲಾರವು. ಮಳೆಗಾಲದಲ್ಲಿ ಹೀಟರಿನ ಮೇಲೆಯೇ ಒದ್ದೆ ಬಟ್ಟೆ ಹರವುವುದೂ ಬೆಂಕಿಗೆ ದಾರಿ.