ಯಾರ ಕಡೆಯವರು? — ಸರ್ಕಾರಿ ಕೆಲಸ ಮತ್ತು ಸಾರ್ವಜನಿಕರ ಅನುಮಾನ



ಪ್ರಧಾನ ಭಾಷಣಕ್ಕೆ ಸಾಹಿತ್ಯದ ವಿಷಯ ಆರಿಸಿಕೊಳ್ಳುವುದು ವಾಡಿಕೆ. ನಾನು ಅದನ್ನು ಬಿಟ್ಟು ನಮ್ಮೆಲ್ಲರ ಮನೆಗಳಲ್ಲಿ ಓಡಾಡುವ ಒಂದು ಪ್ರಶ್ನೆಯನ್ನು ಆರಿಸಿಕೊಂಡಿದ್ದೇನೆ. ಊರಿನಲ್ಲಿ ಯಾರಿಗಾದರೂ ಸರ್ಕಾರಿ ಕೆಲಸ ಸಿಕ್ಕಿತು ಎಂದರೆ ಮೊದಲು ಬರುವ ಮಾತು ‘ಸಂತೋಷ’ ಅಲ್ಲ, ‘ಯಾರ ಕಡೆಯಿಂದ?’ ಎಂಬುದು. ವಶೀಲಿ, ಶಿಫಾರಸು, ಇನ್‌ಫ್ಲುಯೆನ್ಸ್, ‘ಮೇಲಿನವರ ಕೈ’ — ಇದೊಂದು ಸಂಗತಿಗೆ ನಮ್ಮಲ್ಲಿ ಇಷ್ಟೊಂದು ಹೆಸರುಗಳಿವೆ. ‘ಅಲ್ಲಿ ವಶೀಲಿ ಇಲ್ಲದೆ ಏನೂ ನಡೆಯೋದಿಲ್ಲ, ಅದಕ್ಕೇ ಇಲ್ಲಿಗೆ ಬಂದೆವು’ ಎಂದು ಮಕ್ಕಳಿಗೆ ಹೇಳುವವರು ನಮ್ಮಲ್ಲಿ ಕಡಿಮೆ ಇಲ್ಲ. ನಾನೂ ಆ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಈ ಅನುಮಾನ ಎಲ್ಲಿಂದ ಬಂತು, ಅದಕ್ಕೆ ಯಾರು ಯಾವ ಮದ್ದು ಮಾಡಿದರು, ಯಾವುದು ನಾಟಿತು, ಯಾವುದು ನಾಟಲಿಲ್ಲ ಎಂದು ಎರಡೂ ದೇಶಗಳ ಚರಿತ್ರೆಯಲ್ಲಿ ಸ್ವಲ್ಪ ಹುಡುಕೋಣ.

ಮೊದಲು ನಮ್ಮ ಮಲೆನಾಡಿನಿಂದ. ಈ ದೇಶದಲ್ಲಿ ನಾವು ನಮ್ಮ ಸಂಘಗಳನ್ನು ಕನ್ನಡ ‘ಕೂಟ’ ಎನ್ನುತ್ತೇವೆ. 1830ರಲ್ಲಿ ನಗರ ಸೀಮೆಯ ರೈತರು ಸೇರಿದ ಸಭೆಗಳಿಗೂ ಇದೇ ಹೆಸರು. ಆ ಕೂಟಗಳು ಸೇರಿದ್ದು ಹಾಡು ಹಸೆಗಲ್ಲ, ದೂರು ಹೇಳುವುದಕ್ಕೆ. ಕಂದಾಯದ ಹೊರೆ ಅದಕ್ಕೆ ಒಂದು ಕಾರಣ. ಇಷ್ಟು ಹಣ ತಂದು ಕಟ್ಟುತ್ತೇನೆ ಎಂದು ಒಪ್ಪಿಕೊಂಡ ಅಧಿಕಾರಿ ಅದನ್ನು ರೈತನಿಂದ ಹಿಂಡಿ ತೆಗೆಯುವ ಶರತ್ತು ಪದ್ಧತಿ ಇನ್ನೊಂದು. ಅದರ ಜೊತೆಗೆ ಮೂರನೆಯದೂ ಇತ್ತು. ನಗರದ ಫೌಜುದಾರನಾಗಿ ಬಹುಕಾಲ ಅಧಿಕಾರ ನಡೆಸಿದ ರಾಮರಾಯನ ಬಂಧುಗಳೂ ಆಶ್ರಿತರೂ ಆ ಸೀಮೆಯ ಹುದ್ದೆಗಳಲ್ಲಿ ತುಂಬಿಹೋಗಿದ್ದರು. ದೂರು ಕೊಡಬೇಕಾದವನು ಯಾರ ಮೇಲೆ ದೂರು ಕೊಡಬೇಕೋ ಅವನ ನೆಂಟನ ಮುಂದೆಯೇ ನಿಲ್ಲಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಸರಿಪಡಿಸಲು ಆ ಜಾಗಕ್ಕೆ ಕಳಿಸಿದ್ದು ವೀರರಾಜ ಅರಸನನ್ನು. ಅವನು ಅರಮನೆಯ ನೆಂಟ. ಒಂದು ಮನೆಯವರು ಹೋಗಿ ಇನ್ನೊಂದು ಮನೆಯವರು ಬಂದಂತಾಯಿತು. ದಂಗೆ ಹಬ್ಬಿತು, ಸೈನ್ಯ ಬಂತು. 1831ರ ಅಕ್ಟೋಬರಿನಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಒಡೆಯರ ಮನೆಗೆ ಅದು ಮರಳಿದ್ದು 1881ರಲ್ಲಿ, ಐವತ್ತು ವರ್ಷಗಳ ಮೇಲೆ. ಕಂಪನಿಗೆ ನೆಪವೊಂದು ಬೇಕಿತ್ತು ಎಂಬುದು ನಿಜ. ಆ ನೆಪ ಒದಗಿಸುವುದರಲ್ಲಿ ನೆಂಟರಿಗೆ ಹಂಚಿದ ಹುದ್ದೆಗಳದ್ದೂ ಪಾಲಿತ್ತು ಎಂಬುದೂ ನಿಜ.

ಅದೇ ಕಾಲದ ಅಮೆರಿಕ ಹೇಗಿತ್ತು? ಉತ್ತರ ಮತ್ತು ದಕ್ಷಿಣ ಕ್ಯಾರೊಲೈನಾ ಎರಡೂ ‘ನಮ್ಮಲ್ಲಿ ಹುಟ್ಟಿದವನು’ ಎಂದು ಇಂದಿಗೂ ಜಗಳವಾಡುವ ಆಂಡ್ರೂ ಜಾಕ್ಸನ್ 1829ರಲ್ಲಿ ಅಧ್ಯಕ್ಷನಾದ. ಸರ್ಕಾರಿ ಕೆಲಸ ಯಾರ ಮನೆತನದ ಸ್ವತ್ತೂ ಅಲ್ಲ, ಅದು ಸರದಿಯಂತೆ ಎಲ್ಲರಿಗೂ ಬರಬೇಕು ಎಂಬುದು ಅವನ ವಾದ. ಕೇಳಲು ಒಳ್ಳೆಯ ಮಾತೇ. ಆದರೆ ಆ ಸರದಿ ಬರಬರುತ್ತಾ ಗೆದ್ದ ಪಕ್ಷದವರ ಸರದಿಯಾಯಿತು. ಅಂಚೆ ಕಚೇರಿಯ ಗುಮಾಸ್ತನಿಂದ ಹಿಡಿದು ವಿದೇಶದ ರಾಯಭಾರಿಯ ತನಕ ಚುನಾವಣೆಯಲ್ಲಿ ದುಡಿದವರಿಗೆ ಹಂಚಿಕೆ. ಈ ಹಂಚಿಕೆಯಲ್ಲಿ ತನಗೂ ಪಾಲು ಬರಬೇಕು, ಪ್ಯಾರಿಸ್ಸಿನಲ್ಲಿ ಹುದ್ದೆ ಸಿಗಬೇಕು ಎಂದು ತಿಂಗಳುಗಟ್ಟಲೆ ಅಲೆದ ಚಾರ್ಲ್ಸ್ ಗಿಟೋ ಎಂಬಾತ 1881ರ ಜುಲೈ 2ರಂದು ಇದೇ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಧ್ಯಕ್ಷ ಗಾರ್ಫೀಲ್ಡನಿಗೆ ಗುಂಡು ಹೊಡೆದ. ಆ ನಿಲ್ದಾಣ ಈಗಿಲ್ಲ; ಅದಿದ್ದ ಜಾಗದಲ್ಲಿ ನ್ಯಾಷನಲ್ ಗ್ಯಾಲರಿಯ ಪಶ್ಚಿಮ ಕಟ್ಟಡವಿದೆ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡ. 1883ರ ಜನವರಿ 16ರಂದು ಪೆಂಡಲ್ಟನ್ ಕಾಯಿದೆ ಬಂತು: ಇನ್ನು ಮುಂದೆ ಪರೀಕ್ಷೆ ಬರೆದವರಿಗೆ ಕೆಲಸ. ಮೊದಲಿಗೆ ಅದರ ವ್ಯಾಪ್ತಿಗೆ ಬಂದದ್ದು ಫೆಡರಲ್ ಹುದ್ದೆಗಳಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ.

ಮೈಸೂರಿಗೂ ಪರೀಕ್ಷೆಯ ಗಾಳಿ ಬೀಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1890ರ ದಶಕದ ಆರಂಭದಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. ಅನುಮಾನ ಅಷ್ಟಕ್ಕೇ ಹೋಗಲಿಲ್ಲ. ದಿವಾನರಾದ ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ಇಬ್ಬರೂ ಮದರಾಸು ಪ್ರಾಂತದಿಂದ ಬಂದವರು. ಮದರಾಸಿನವರು ಮದರಾಸಿನವರನ್ನೇ ತುಂಬುತ್ತಾರೆ, ಮೈಸೂರು ಮೈಸೂರಿನವರಿಗೆ ಸಿಗಬೇಕು ಎಂಬ ಕೂಗು ಎದ್ದಿತು. ಇಲ್ಲೊಂದು ಸಂಗತಿ ಗಮನಿಸಿ. ನಗರದಲ್ಲಿ ‘ನಮ್ಮವರು’ ಎಂದರೆ ರಕ್ತಸಂಬಂಧ. ಬೆಂಗಳೂರಿನ ಕಚೇರಿಗೆ ಬರುವ ಹೊತ್ತಿಗೆ ‘ನಮ್ಮವರು’ ಎಂದರೆ ಒಂದೇ ಪ್ರಾಂತದವರು, ಒಂದೇ ಕಾಲೇಜಿನವರು. ಅಲ್ಲಿಂದ ಮುಂದೆ ಜಾತಿಯ ಪ್ರಶ್ನೆ.

ಆ ಪ್ರಶ್ನೆ ನೇರವಾಗಿ ಎದ್ದದ್ದು ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ. 1912ರಲ್ಲಿ ದಿವಾನಗಿರಿ ಒಪ್ಪಿಕೊಳ್ಳುವ ಮೊದಲು ಅವರು ಬಂಧುಗಳನ್ನೆಲ್ಲ ಕರೆದು, ಯಾರೂ ತಮ್ಮ ಬಳಿ ಯಾವ ಉಪಕಾರವನ್ನೂ ಕೇಳಕೂಡದು ಎಂದು ಮಾತು ತೆಗೆದುಕೊಂಡ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿ ಬೆಳೆದವರು. ಸ್ವಜನಪಕ್ಷಪಾತ ಅವರ ಹತ್ತಿರ ಸುಳಿಯಲಿಲ್ಲ ಎಂಬುದರಲ್ಲಿ ಅವರ ವಿರೋಧಿಗಳಿಗೂ ಸಂದೇಹವಿರಲಿಲ್ಲ. ಆದರೂ 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅದರ ದೂರು ಒಬ್ಬ ದಿವಾನರ ಮೇಲಲ್ಲ, ಲೆಕ್ಕದ ಮೇಲೆ: ಸಂಸ್ಥಾನದಲ್ಲಿ ನೂರಕ್ಕೆ ನಾಲ್ವರೂ ಇಲ್ಲದ ಬ್ರಾಹ್ಮಣರು ಗೆಜೆಟೆಡ್ ಹುದ್ದೆಗಳಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚನ್ನು ಹಿಡಿದಿದ್ದರು. ಪರೀಕ್ಷೆ ನಡೆಯುತ್ತಿತ್ತು, ನ್ಯಾಯವಾಗಿಯೇ ನಡೆಯುತ್ತಿದ್ದಿರಬಹುದು; ಆದರೆ ಅದರ ಬಾಗಿಲ ತನಕ ಬರುವ ದಾರಿ ಕೆಲವರ ಮನೆ ಮುಂದೆ ಮಾತ್ರ ಹಾದುಹೋಗುತ್ತಿತ್ತು.

1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿದ್ಯೆಯನ್ನು ಹರಡಿ ಎಲ್ಲರನ್ನೂ ಮೇಲಕ್ಕೆ ತರಬೇಕು, ಆಯ್ಕೆಯಲ್ಲಿ ಅರ್ಹತೆಯನ್ನು ಸಡಿಲಿಸಬಾರದು ಎಂಬುದು ವಿಶ್ವೇಶ್ವರಯ್ಯನವರ ನಿಲುವು; ಭಿನ್ನಾಭಿಪ್ರಾಯದಿಂದ ಅವರು ದಿವಾನಗಿರಿ ಬಿಟ್ಟರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕು ಎಂದಿತು ಮಿಲ್ಲರ್ ವರದಿ. 1921ರಲ್ಲಿ ಸರ್ಕಾರದ ಆದೇಶವೂ ಹೊರಬಿತ್ತು. ಆಗ ದಿವಾನರಾಗಿದ್ದವರು ಯಾರು? ಸರ್ದಾರ್ ಎಂ. ಕಾಂತರಾಜ ಅರಸು. ಮಹಾರಾಜರ ತಾಯಿ ವಾಣಿವಿಲಾಸ ಸನ್ನಿಧಾನದವರ ತಮ್ಮ, ಮಹಾರಾಜರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರ ಪತಿ. ಸೋದರಮಾವನೂ ಹೌದು, ಭಾವನೂ ಹೌದು.

ಸ್ನೇಹಿತರೇ, ಈ ಜಾಗದಲ್ಲಿ ನಾನು ಪ್ರತಿ ಸಲವೂ ನಿಂತು ಯೋಚಿಸುತ್ತೇನೆ. ನೆಂಟರನ್ನು ಹೊಸಿಲಾಚೆ ನಿಲ್ಲಿಸಿದ ಪ್ರಾಮಾಣಿಕ ದಿವಾನರ ಕಾಲದಲ್ಲಿ ಕಚೇರಿಯ ಬಾಗಿಲು ಬಹುಜನರಿಗೆ ಕಿರಿದಾಗಿಯೇ ಉಳಿಯಿತು. ಮಹಾರಾಜರ ನೆಂಟರೇ ಆಗಿದ್ದ ದಿವಾನರ ಕಾಲದಲ್ಲಿ ಅದು ಅಗಲವಾಯಿತು. ಇದರಿಂದ ನೆಂಟಸ್ತಿಕೆ ಒಳ್ಳೆಯದು ಎಂದಾಗುವುದಿಲ್ಲ. ವ್ಯಕ್ತಿಯ ಶುಚಿತ್ವವೇ ಒಂದು, ವ್ಯವಸ್ಥೆಯ ನ್ಯಾಯವೇ ಇನ್ನೊಂದು ಎಂದಾಗುತ್ತದೆ. ಒಬ್ಬರ ಆಣೆ ಅವರ ಜೊತೆ ಹೋಗುತ್ತದೆ; ಬರೆದಿಟ್ಟ ನಿಯಮ ಉಳಿಯುತ್ತದೆ.

ನಿಯಮವೂ ಮೋಸಮಾಡಬಲ್ಲದು ಎಂಬುದಕ್ಕೆ ಅದೇ ವರ್ಷಗಳ ವಾಷಿಂಗ್ಟನ್ ಸಾಕ್ಷಿ. ವುಡ್ರೊ ವಿಲ್ಸನ್ ನಿಮ್ಮ ಊರುಗಳ ಹುಡುಗ: ಬಾಲ್ಯ ಜಾರ್ಜಿಯಾದ ಅಗಸ್ಟಾದಲ್ಲಿ, ಹದಿಹರೆಯ ದಕ್ಷಿಣ ಕ್ಯಾರೊಲೈನಾದ ಕೊಲಂಬಿಯಾದಲ್ಲಿ, ಕಾಲೇಜಿನ ಮೊದಲ ವರ್ಷ ಉತ್ತರ ಕ್ಯಾರೊಲೈನಾದ ಡೇವಿಡ್ಸನ್ನಿನಲ್ಲಿ, 1882ರಲ್ಲಿ ಅಟ್ಲಾಂಟಾದಲ್ಲಿ ವಕೀಲಿ. ಮುಂದೆ 1887ರಲ್ಲಿ ಆಡಳಿತವೂ ಒಂದು ಶಾಸ್ತ್ರ ಎಂದು ಲೇಖನ ಬರೆದ ವಿದ್ವಾಂಸ. 1913ರಲ್ಲಿ ಆತ ಅಧ್ಯಕ್ಷನಾದಾಗ ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದ ಕಪ್ಪು ಜನರ ದೊಡ್ಡದೊಂದು ಗುಮಾಸ್ತ ವರ್ಗ ಈ ನಗರದಲ್ಲಿತ್ತು. ಅಂಚೆ ಇಲಾಖೆಯಲ್ಲೂ ಖಜಾನೆಯಲ್ಲೂ ಅವರ ಮೇಜುಗಳನ್ನೂ ಊಟದ ಕೋಣೆಗಳನ್ನೂ ಬೇರೆ ಮಾಡಿದರು. 1914ರಿಂದ ಸಿವಿಲ್ ಸರ್ವಿಸ್ ಅರ್ಜಿಯ ಜೊತೆ ಭಾವಚಿತ್ರ ಕಡ್ಡಾಯವಾಯಿತು. ಪರೀಕ್ಷೆಯ ಒಂದು ಪದವನ್ನೂ ಬದಲಿಸಲಿಲ್ಲ. ಅತಿ ಹೆಚ್ಚು ಅಂಕ ಪಡೆದ ಮೂವರಲ್ಲಿ ಒಬ್ಬರನ್ನು ಅಧಿಕಾರಿ ಆರಿಸಿಕೊಳ್ಳಬಹುದು ಎಂಬ ನಿಯಮ ಮೊದಲೇ ಇತ್ತು. ಈಗ ಆ ಮೂವರ ಮುಖ ಅವನಿಗೆ ಕಾಣುವಂತಾಯಿತು, ಅಷ್ಟೇ. ಖಜಾನೆಯ ಕಾರ್ಯದರ್ಶಿ ವಿಲಿಯಂ ಮ್ಯಾಕಡೂ ಅಟ್ಲಾಂಟಾ ಪಕ್ಕದ ಮ್ಯಾರಿಯೆಟ್ಟಾದವನು. 1914ರ ಮೇ ತಿಂಗಳಲ್ಲಿ ಆತ ಅಧ್ಯಕ್ಷನ ಅಳಿಯನೂ ಆದ, ಹುದ್ದೆಯಲ್ಲೂ ಮುಂದುವರಿದ. ಹೀಗೆ ಅರ್ಹತೆಯ ಹೆಸರಿನಲ್ಲಿ ಅರ್ಹರನ್ನೇ ಹೊರಗಿಟ್ಟ ಆ ಭಾವಚಿತ್ರದ ನಿಯಮ ಹೋಗಲು 1940 ಬರಬೇಕಾಯಿತು. ಜನಾಂಗ, ಬಣ್ಣ, ಧರ್ಮದ ಭೇದ ಕೂಡದು ಎಂದು ಅದೇ ವರ್ಷ ಬಂದ ಕಾಯಿದೆಗೆ ತನ್ನ ಹೆಸರು ಕೊಟ್ಟ ರಾಬರ್ಟ್ ರ‍್ಯಾಮ್‌ಸ್ಪೆಕ್ ಕೂಡ ಅಟ್ಲಾಂಟಾ ಕಡೆಯವನೇ, ಡೆಕೇಟರಿನವನು. ಇನ್ನು ಬಂಧುಗಳನ್ನೇ ನೇಮಿಸಿಕೊಳ್ಳುವುದನ್ನು ತಡೆಯುವ ಫೆಡರಲ್ ಕಾಯಿದೆ ಬಂದದ್ದು 1967ರಲ್ಲಿ, ಜಾನ್ ಕೆನಡಿ ತನ್ನ ತಮ್ಮ ರಾಬರ್ಟನನ್ನು ಅಟಾರ್ನಿ ಜನರಲ್ ಮಾಡಿದ ಆರು ವರ್ಷಗಳ ಮೇಲೆ.

ಮತ್ತೆ ಕನ್ನಡ ನಾಡಿಗೆ. ನಮ್ಮ ಮಾಸ್ತಿಯವರು ಸಿವಿಲ್ ಸರ್ವಿಸ್ ಪರೀಕ್ಷೆಯ ಮೂಲಕ ಬಂದ ಅಧಿಕಾರಿ. 1940ರ ದಶಕದ ಆರಂಭದಲ್ಲಿ, ತಮಗೆ ಸಲ್ಲಬೇಕಾದ ಉನ್ನತ ಹುದ್ದೆ ತಮಗಿಂತ ಕಿರಿಯರಿಗೆ ಹೋಯಿತೆಂದು ಅವರು ಸೇವೆ ಬಿಟ್ಟು ಹೊರಬಂದರು. ಕನ್ನಡಕ್ಕೆ ಲಾಭವಾಯಿತು ನಿಜ. ಆದರೆ ಒಳಗಿದ್ದವರಿಗೂ ವ್ಯವಸ್ಥೆಯ ಮೇಲೆ ನಂಬಿಕೆ ಸಾಲದೆ ಹೋದದ್ದಕ್ಕೆ ಅದೂ ಒಂದು ಉದಾಹರಣೆ.

ಸಂವಿಧಾನ ಬಂದ ಮೇಲೆ, 1951ರಲ್ಲಿ, ಲೋಕಸೇವಾ ಆಯೋಗ ಸ್ಥಾಪನೆಯಾಯಿತು. ಅರ್ಹತೆಗೂ ಮೀಸಲಾತಿಗೂ ಒಂದೇ ಚೌಕಟ್ಟು, ಸ್ವತಂತ್ರ ಸಂಸ್ಥೆ. ಇನ್ನಾದರೂ ಅನುಮಾನ ಅಡಗಬೇಕಿತ್ತು. 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಕಥೆ ನಿಮಗೆ ಗೊತ್ತಿದೆ. 2013ರಲ್ಲಿ ದೂರು, ಸಿಐಡಿ ತನಿಖೆ. 2014ರಲ್ಲಿ ಆಯ್ಕೆಪಟ್ಟಿ ರದ್ದು. 2016ರಲ್ಲಿ ಆಡಳಿತ ನ್ಯಾಯಮಂಡಳಿಯಿಂದ ಅಭ್ಯರ್ಥಿಗಳಿಗೆ ಜಯ. 2018ರಲ್ಲಿ ಹೈಕೋರ್ಟಿನಿಂದ ಆ ಆದೇಶ ರದ್ದು. 2022ರಲ್ಲಿ ನೇಮಕಾತಿಯನ್ನು ಊರ್ಜಿತಗೊಳಿಸಲು ವಿಧಾನಮಂಡಲದಿಂದ ಪ್ರತ್ಯೇಕ ಕಾಯಿದೆ. ಅದೇ ವರ್ಷ 545 ಪಿಎಸ್ಐ ಹುದ್ದೆಗಳ ಪರೀಕ್ಷೆಯೂ ಓಎಂಆರ್ ಹಾಳೆಗಳ ಅಕ್ರಮದಿಂದ ರದ್ದಾಯಿತು. 2024ರಲ್ಲಿ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತೆಂದರೆ ಡಿಸೆಂಬರಿನಲ್ಲಿ ಮರುಪರೀಕ್ಷೆ ಮಾಡಬೇಕಾಯಿತು. ಅದರಲ್ಲೂ ತಪ್ಪುಗಳಿದ್ದವೆಂದು ಮತ್ತೆ ದೂರು. ಕನ್ನಡದಲ್ಲಿ ಓದಿದ ಹಳ್ಳಿಯ ಹುಡುಗಿಗೆ ಕನ್ನಡದ ಪ್ರಶ್ನೆಯೇ ಅರ್ಥವಾಗದಿದ್ದರೆ, ಅಲ್ಲಿ ಯಾವ ಮಾವನೂ ಫೋನು ಮಾಡಬೇಕಿಲ್ಲ. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಈ ಕಥೆಯಲ್ಲಿ ಹೆಚ್ಚು ನೊಂದವರು ಯಾರು? ಆಯ್ಕೆಯಾಗದವರು ಮಾತ್ರವಲ್ಲ. ಆ 362ರಲ್ಲಿ ಹಗಲೂ ರಾತ್ರಿ ಓದಿ ಸ್ವಂತ ಬಲದಿಂದ ಗೆದ್ದವರೂ ಇದ್ದಾರಲ್ಲ, ಅವರೂ ಹೌದು. ‘ನೀನು ಯಾರ ಕಡೆಯವನು?’ ಎಂಬ ಪ್ರಶ್ನೆಗೆ ಅವರ ಬಳಿ ತೋರಿಸಲು ಏನೂ ಇಲ್ಲ. ಅನುಮಾನಕ್ಕೆ ಜರಡಿ ಇಲ್ಲ. ಕಾಳನ್ನೂ ಜೊಳ್ಳನ್ನೂ ಅದು ಒಟ್ಟಿಗೇ ತೂರುತ್ತದೆ. ಆ ಜರಡಿಯನ್ನು ಕೊಡಬೇಕಾದ್ದು ಸಂಸ್ಥೆ. ಬರೆದ ಉತ್ತರಪತ್ರಿಕೆಯನ್ನು ಅಭ್ಯರ್ಥಿ ನೋಡಬಹುದೇ? ಸಂದರ್ಶನದಲ್ಲಿ ಅಂಕ ಕೊಟ್ಟವರು ಕಾರಣ ಬರೆದಿದ್ದಾರೆಯೇ? ಪರೀಕ್ಷಾ ಮಂಡಳಿಯೊಂದರ ಪ್ರಕರಣದಲ್ಲಿ, ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. 2018ರಲ್ಲಿ ಯುಪಿಎಸ್‌ಸಿ ಪ್ರಕರಣದಲ್ಲಿ ಅಂಕಗಳ ವಿವರ ಕೊಡುವುದಕ್ಕೆ ಮಿತಿಯನ್ನೂ ಹಾಕಿತು. ಆ ಎಳೆದಾಟ ಇನ್ನೂ ಮುಗಿದಿಲ್ಲ. ಸೋತವನು ತಾನೇಕೆ ಸೋತೆ ಎಂದು ಕಣ್ಣಾರೆ ನೋಡಬಲ್ಲ ದಿನವೇ ಅನುಮಾನ ಇಳಿಯಲು ಶುರುವಾಗುವ ದಿನ. ‘ನಮ್ಮನ್ನು ನಂಬಿ’ ಎಂಬ ಮಾತಿನಿಂದ ಅದು ಯಾವ ದೇಶದಲ್ಲೂ ಇಳಿದಿಲ್ಲ.

ಕೊನೆಯದಾಗಿ ನಮ್ಮ ಮನೆಯ ಮಾತು. ಇಂದು ಈ ಸಭೆಯಲ್ಲಿರುವವರಲ್ಲಿ ಅನೇಕರು ಕೆಲಸ ಹುಡುಕುವವರಲ್ಲ, ಕೆಲಸ ಕೊಡುವವರು. ನಾವೂ ರೆಫರಲ್ ಕಳಿಸುತ್ತೇವೆ. ಊರಿನ ಹುಡುಗನಿಗೆ ದಾರಿ ತೋರಿಸುವುದು ತಪ್ಪಲ್ಲ, ನಮಗೂ ಯಾರೋ ತೋರಿಸಿದ್ದರು. ಆದರೆ ಭಾರತೀಯ ಮ್ಯಾನೇಜರು ತನ್ನವರನ್ನೇ ತುಂಬಿಕೊಳ್ಳುತ್ತಾನೆ ಎಂಬ ಮಾತು ನಮ್ಮ ಬೆನ್ನ ಹಿಂದೆ ಕೇಳಿಬರುತ್ತದೆ. ಅದರಲ್ಲಿ ಒಂದಿಷ್ಟು ದ್ವೇಷವಿದೆ, ಒಂದಿಷ್ಟು ನಿಜವೂ ಇದೆ. ಊರಿನಲ್ಲಿ ನಾವು ಕೇಳುತ್ತಿದ್ದ ಪ್ರಶ್ನೆಯನ್ನೇ ಇಲ್ಲಿ ನಮ್ಮನ್ನು ಕೇಳುತ್ತಿದ್ದಾರೆ. ಹೆಸರು ಹೇಳಿ ದಾರಿ ತೋರಿಸೋಣ. ಆದರೆ ಅಂಕ ಕೊಡುವ ಕುರ್ಚಿಯಲ್ಲಿ ನಾವೇ ಕೂರುವುದು ಬೇಡ. ಕುಳಿತರೂ ಯಾಕೆ ಆರಿಸಿದೆವು ಎಂಬುದನ್ನು ಸೋತವರು ಓದುವಂತೆ ಬರೆದಿಡೋಣ. ನಗರದ ರೈತರ ಕೂಟ ಕೇಳಿದ್ದೂ ಇಂಥದ್ದನ್ನೇ: ತಮ್ಮ ದೂರನ್ನು ಅಧಿಕಾರಿಯ ನೆಂಟನಲ್ಲದವನೊಬ್ಬ ಕೇಳಲಿ ಎಂದು.