ಗೇಟಿನ ಅಗಲ, ಆಸನದ ಲೆಕ್ಕ: ಚಿನ್ನಸ್ವಾಮಿ ಕ್ರೀಡಾಂಗಣದ ನವೀಕರಣ ಕುರಿತ ಒಂದು ವಿವೇಚನೆ

2025ರ ಜೂನ್ 4ರಂದು ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಮೊದಲ ಬಾರಿಗೆ ಐಪಿಎಲ್ ಗೆದ್ದ ತಮ್ಮ ತಂಡವನ್ನು ಕಣ್ಣಾರೆ ಕಾಣಲು ಬಂದವರು ಅವರು. ಎರಡು ತಿಂಗಳಾಗುವಷ್ಟರಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದಲ್ಲಿ 100 ಎಕರೆ ಜಾಗದಲ್ಲಿ, 1,650 ಕೋಟಿ ರೂಪಾಯಿ ವೆಚ್ಚದಲ್ಲಿ, 80,000 ಆಸನಗಳ ಹೊಸ ಕ್ರೀಡಾಂಗಣ ಕಟ್ಟುವ ಯೋಜನೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಒಂದರ ಬೆನ್ನಿಗೆ ಒಂದು ಬಂದ ಈ ಎರಡು ಸಂಗತಿಗಳ ನಡುವೆ ಸಾರ್ವಜನಿಕ ಚರ್ಚೆ ತಾನಾಗಿಯೇ ಒಂದು ‘ಆದ್ದರಿಂದ’ವನ್ನು ಸೇರಿಸಿತು: ಹಳೆಯದು ಅಪಾಯಕಾರಿ, ಆದ್ದರಿಂದ ಹೊಸದು ಬೇಕು. ಈ ಲೇಖನ ಪರೀಕ್ಷಿಸುವುದು ಆ ‘ಆದ್ದರಿಂದ’ವನ್ನು. ಕ್ರೀಡಾಂಗಣವೊಂದು ಸುರಕ್ಷಿತವೇ ಎಂಬುದನ್ನು ಅದರ ವಯಸ್ಸಾಗಲಿ ಆಸನಗಳ ಸಂಖ್ಯೆಯಾಗಲಿ ಹೇಳಲಾರದು. ಎಷ್ಟು ಜನ ಎಷ್ಟು ಹೊತ್ತಿನಲ್ಲಿ ಒಳಬಂದು ಹೊರಹೋಗಬಲ್ಲರು ಎಂಬ ಲೆಕ್ಕವೇ ಅದನ್ನು ಹೇಳಬೇಕು. ಆ ಲೆಕ್ಕ ಹಿಡಿದು ನೋಡಿದರೆ ಚಿನ್ನಸ್ವಾಮಿಗೆ ಬೇಕಿರುವುದು ಬದಲಿ ಕಟ್ಟಡವಲ್ಲ. ಆಸನಗಳನ್ನು ಕಡಿತಗೊಳಿಸಿ, ಗೇಟುಗಳನ್ನೂ ಸುತ್ತಲಿನ ರಸ್ತೆಗಳನ್ನೂ ಹೊಸದಾಗಿ ಯೋಜಿಸುವ ನವೀಕರಣ ಅದಕ್ಕೆ ಬೇಕಾಗಿದೆ.

ಚಿನ್ನಸ್ವಾಮಿ ತೀರಾ ಹಳೆಯ ಕಟ್ಟಡವೇನಲ್ಲ. 1933ರಲ್ಲಿ ಹುಟ್ಟಿದ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ತನ್ನದೇ ಅಂಗಳಕ್ಕೆ ಅಡಿಗಲ್ಲು ಹಾಕಿದ್ದು 1969ರಲ್ಲಿ. 1974ರ ನವೆಂಬರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಇಲ್ಲಿ ಮೊದಲ ಟೆಸ್ಟ್ ನಡೆದಾಗ ಸ್ಟ್ಯಾಂಡುಗಳ ಕೆಲಸ ಇನ್ನೂ ಮುಗಿದಿರಲಿಲ್ಲ. ವಿವ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್ ಜೀವನ ಆರಂಭಿಸಿದ್ದು ಆ ಪಂದ್ಯದಲ್ಲೇ. ಹಾಗಾಗಿ ‘ಹಳೆಯ ಸ್ಟೇಡಿಯಂ’ ಎಂದು ನಾವು ಕರೆಯುವುದು ಐದು ದಶಕಗಳಿಂದ ಕಂತುಕಂತಾಗಿ ಕಟ್ಟುತ್ತ, ತಿದ್ದುತ್ತ ಬಂದ ಕಟ್ಟಡವನ್ನು. 1996ರ ವಿಶ್ವಕಪ್ಪಿಗೆ ಹೊನಲು ಬೆಳಕು ಬಂತು. 2015ರಲ್ಲಿ ಚಾವಣಿಯ ಮೇಲೆ ಸೌರಫಲಕಗಳು ಕುಳಿತವು. ಅದಾದ ಒಂದೆರಡು ವರ್ಷಗಳಲ್ಲಿ ಹುಲ್ಲಿನಡಿಯ ನೀರನ್ನು ಯಂತ್ರದಿಂದ ಹೀರಿ ತೆಗೆಯುವ ಸಬ್‌ಏರ್ ವ್ಯವಸ್ಥೆ ಬಂತು. ಕ್ರಿಕೆಟ್ ಅಂಗಳವೊಂದಕ್ಕೆ ಜಗತ್ತಿನಲ್ಲೇ ಅದು ಮೊದಲು. ಮೈದಾನಕ್ಕಾಗಿ ಇಷ್ಟು ಮಾಡಿದ ಅಂಗಳವೇ ಪ್ರೇಕ್ಷಕರು ನಡೆದುಬರುವ ದಾರಿಗೂ ಅಷ್ಟೇ ಶ್ರದ್ಧೆ ತೋರಿಸಬಹುದಿತ್ತು. ಮಳೆನೀರು ಹೊರಹೋಗಲು ಎಷ್ಟು ನಿಮಿಷ ಬೇಕೆಂದು ಇಲ್ಲಿ ಅಳೆದಿದ್ದಾರೆ. ಜನ ಹೊರಹೋಗಲು ಎಷ್ಟು ನಿಮಿಷ ಬೇಕೆಂಬುದೂ ಅದೇ ಜಾತಿಯ ಪ್ರಶ್ನೆ.

ಆ ಪ್ರಶ್ನೆಗೆ ಅಳತೆಗೋಲು ಇಲ್ಲದಿಲ್ಲ. 1971ರ ಜನವರಿ 2ರಂದು ಗ್ಲಾಸ್ಗೋದ ಐಬ್ರಾಕ್ಸ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಆಟ ಮುಗಿದು ಜನ ಹೊರಡುತ್ತಿದ್ದಾಗ, 13ನೆಯ ಮೆಟ್ಟಿಲಸಾಲಿನಲ್ಲಿ 66 ಮಂದಿ ಒಬ್ಬರ ಮೇಲೊಬ್ಬರು ಬಿದ್ದು ಸತ್ತರು. ಅದರ ವಿಚಾರಣೆಯ ಫಲವಾಗಿ 1973ರಲ್ಲಿ ಬ್ರಿಟನ್ನಿನಲ್ಲಿ ಕ್ರೀಡಾಂಗಣ ಸುರಕ್ಷತೆಯ ಕೈಪಿಡಿಯೊಂದು ಹೊರಬಂತು. ‘ಗ್ರೀನ್ ಗೈಡ್’ ಎಂದೇ ಹೆಸರಾದ ಅದು ಪರಿಷ್ಕರಣೆಗೊಳ್ಳುತ್ತ ಇಂದಿಗೂ ಬಳಕೆಯಲ್ಲಿದೆ. ಅದರ ತಿರುಳು ಸರಳ: ಒಂದು ಗಂಟೆಯಲ್ಲಿ ಎಷ್ಟು ಜನ ಒಳಬರಬಹುದು, ಒಳಗೆ ಎಷ್ಟು ಜನ ಕ್ಷೇಮವಾಗಿ ಕೂರಬಹುದು, ಸಾಮಾನ್ಯ ದಿನ ಎಂಟು ನಿಮಿಷದಲ್ಲಿ ಎಷ್ಟು ಜನ ಸ್ಟ್ಯಾಂಡಿನಿಂದ ಹೊರಹೋಗಬಹುದು, ಬೆಂಕಿ ಬಿದ್ದಾಗ ಎಷ್ಟು ಜನ ಪಾರಾಗಬಹುದು ಎಂದು ನಾಲ್ಕು ಲೆಕ್ಕ ಹಾಕಬೇಕು, ನಾಲ್ಕರಲ್ಲಿ ಯಾವುದು ಕಡಿಮೆಯೋ ಅದೇ ಆ ಅಂಗಳದ ನಿಜವಾದ ಸಾಮರ್ಥ್ಯ. ಒಬ್ಬೊಬ್ಬರನ್ನೇ ಒಳಬಿಡುವ ಗೇಟಿನಿಂದ ಗಂಟೆಗೆ 660ಕ್ಕಿಂತ ಹೆಚ್ಚು ಜನರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹೊರಹೋಗುವಾಗ ಒಂದು ಮೀಟರ್ ಅಗಲದ ಸಮತಟ್ಟು ದಾರಿಯಲ್ಲಿ ನಿಮಿಷಕ್ಕೆ 82 ಜನ, ಮೆಟ್ಟಿಲಲ್ಲಾದರೆ 66 ಜನ. ಈ ಅಂಕಿಗಳನ್ನು ಚಿನ್ನಸ್ವಾಮಿಯ ಸುಮಾರು 35,000 ಪ್ರೇಕ್ಷಕರಿಗೆ ಹೊಂದಿಸಿದರೆ 54 ಪ್ರವೇಶದ್ವಾರಗಳೂ ಒಟ್ಟು 66 ಮೀಟರಿಗಿಂತ ತುಸು ಹೆಚ್ಚು ಅಗಲದ ಮೆಟ್ಟಿಲುಗಳೂ ಬೇಕಾಗುತ್ತವೆ. 80,000ಕ್ಕೆ 122 ದ್ವಾರ, ಸುಮಾರು 152 ಮೀಟರ್ ಮೆಟ್ಟಿಲು. ಹೊಸದಾಗಿ ಕಟ್ಟಿದ ಮಾತ್ರಕ್ಕೆ ಈ ಗುಣಾಕಾರದಿಂದ ಬಿಡುಗಡೆ ಸಿಗುವುದಿಲ್ಲ. ಅಂಗಳ ದೊಡ್ಡದಾದಷ್ಟೂ ಲೆಕ್ಕ ಬಿಗಿಯಾಗುತ್ತ ಹೋಗುತ್ತದೆ.

ಜೂನ್ 4ರ ಸಂಜೆಯನ್ನು ಈ ಲೆಕ್ಕದ ಎದುರು ಇಟ್ಟು ನೋಡಬೇಕು. ಅಂದು ನೆರೆದವರು 2ರಿಂದ 3 ಲಕ್ಷ ಎಂಬುದು ಸರ್ಕಾರವೇ ಕೊಟ್ಟ ಅಂದಾಜು. ಎರಡು ಲಕ್ಷವೆಂದೇ ಇಟ್ಟುಕೊಂಡರೂ ಅಷ್ಟು ಜನರನ್ನು ಒಂದು ಗಂಟೆಯಲ್ಲಿ ಒಳಬಿಡಲು 304 ದ್ವಾರಗಳು ಬೇಕಿತ್ತು. ಅಷ್ಟು ದ್ವಾರಗಳಿರುವ ಕ್ರಿಕೆಟ್ ಕ್ರೀಡಾಂಗಣವನ್ನು ಯಾರೂ ಕಟ್ಟಲಾರರು. ಸೂರ್ಯನಗರದ 80,000 ಆಸನಗಳ ಅಂಗಳ ಅಂದೇ ಸಿದ್ಧವಿತ್ತೆಂದು ಊಹಿಸಿದರೂ 1,20,000 ಜನ ಗೇಟಿನ ಹೊರಗೇ ಉಳಿಯುತ್ತಿದ್ದರು, ಒಳಗೆ ಹೋಗುತ್ತೇವೆಂಬ ಅದೇ ಆಸೆಯಿಂದ ಒತ್ತುತ್ತಿದ್ದರು. ಸಾವು ಸಂಭವಿಸಿದ್ದು ಸ್ಟ್ಯಾಂಡು ಕುಸಿದಲ್ಲ. ರಸ್ತೆಗೂ ಗೇಟಿಗೂ ನಡುವಿನ ಇಕ್ಕಟ್ಟಿನಲ್ಲಿ. ಈ ದುರಂತದ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಆಯೋಗದ ವರದಿಯನ್ನು ಇಲ್ಲಿ ಪೂರ್ತಿಯಾಗಿ ಓದಿಕೊಳ್ಳಬೇಕು. ಭಾರಿ ಜನಸಂದಣಿಗೆ ಈ ಕ್ರೀಡಾಂಗಣದ ರಚನೆಯೇ ಒಗ್ಗುವುದಿಲ್ಲ ಎಂದು ಆಯೋಗ ಖಡಾಖಂಡಿತವಾಗಿ ಹೇಳಿದೆ, ನಿಜ. ಆದರೆ ಅದೇ ವರದಿ ಸಾರ್ವಜನಿಕ ರಸ್ತೆಯಿಂದ ಪ್ರತ್ಯೇಕವಾದ ಸರತಿ ಜಾಗ, ಸಾಕಷ್ಟು ಪ್ರವೇಶ ಮತ್ತು ನಿರ್ಗಮನ ದ್ವಾರಗಳಂಥ ಬದಲಾವಣೆಗಳನ್ನು ಪಟ್ಟಿ ಮಾಡಿ, ಅವು ಆಗುವವರೆಗೆ ದೊಡ್ಡ ಜನಸಂದಣಿ ಇಲ್ಲಿ ಬೇಡ ಎಂದಿದೆ. ‘ಆಗುವವರೆಗೆ’ ಎಂಬ ಮಾತಿಗೆ ತೂಕವಿದೆ. ಷರತ್ತಿನ ರೂಪದಲ್ಲಿರುವ ಆ ಮಾತನ್ನು ಈ ಅಂಗಳದ ಮೇಲೆ ಬರೆದ ಅಂತಿಮ ತೀರ್ಪೆಂದು ಓದುವುದು ಸರಿಯಲ್ಲ.

ದುರಂತ ಕಂಡ ಅಂಗಳಗಳು ಅದೇ ಜಾಗದಲ್ಲಿ ಮರುಹುಟ್ಟು ಪಡೆದ ಉದಾಹರಣೆಗಳಿವೆ. ಐಬ್ರಾಕ್ಸ್ ಅವುಗಳಲ್ಲಿ ಮುಖ್ಯವಾದದ್ದು. ಅಲ್ಲಿ ಆಡುತ್ತಿದ್ದ ಕ್ಲಬ್ಬು ಆ ಜಾಗ ಬಿಟ್ಟು ಹೋಗಲಿಲ್ಲ. 1970ರ ದಶಕದ ಕೊನೆಯಿಂದ ಮೂರು ಬದಿಯ ನಿಂತು ನೋಡುವ ದಿಬ್ಬಗಳನ್ನು ಒಂದೊಂದಾಗಿ ತೆಗೆದು, ಆಸನಗಳ ಸ್ಟ್ಯಾಂಡುಗಳನ್ನು ಕಟ್ಟಿತು. 1929ರ ಮುಖ್ಯ ಸ್ಟ್ಯಾಂಡನ್ನು ಹಾಗೆಯೇ ಉಳಿಸಿಕೊಂಡಿತು. ಎಂಬತ್ತು ಸಾವಿರದಷ್ಟು ಜನ ತುಂಬುತ್ತಿದ್ದ ಅಂಗಳ 1981ರ ಹೊತ್ತಿಗೆ ಸುಮಾರು 44,000ಕ್ಕೆ ಇಳಿಯಿತು. ಆ ಇಳಿಕೆಯೇ ಅದರ ಸುರಕ್ಷತೆ. ನಮ್ಮ ಕೋಲ್ಕತ್ತದ ಕಥೆ ಇನ್ನೂ ಹತ್ತಿರದ್ದು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ವೇಳೆ 16 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷದ ನಂತರ ಸಾಲ್ಟ್ ಲೇಕ್‌ನಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಹಿಡಿಸುವ ಹೊಸ ಕ್ರೀಡಾಂಗಣ ತೆರೆಯಿತು. ಮುಂದೆ ಏನಾಯಿತು ಎಂಬುದು ನಮಗೆ ಪಾಠವಾಗಬೇಕು. ಈಡನ್ ತನ್ನ ಜಾಗದಲ್ಲೇ ಉಳಿದು, 2011ರ ವಿಶ್ವಕಪ್ಪಿನ ನವೀಕರಣದಲ್ಲಿ ಲಕ್ಷದಷ್ಟಿದ್ದ ಸಾಮರ್ಥ್ಯವನ್ನು ಮೂರನೇ ಎರಡು ಭಾಗದಷ್ಟಕ್ಕೆ ಇಳಿಸಿಕೊಂಡಿತು. ಹೊಸದಾಗಿ ಕಟ್ಟಿದ ಸಾಲ್ಟ್ ಲೇಕ್ ಕೂಡ 2017ರ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿಗೆ ಆಸನಗಳನ್ನು ಕಡಿಮೆ ಮಾಡಿಕೊಳ್ಳಬೇಕಾಯಿತು. 2025ರ ಡಿಸೆಂಬರ್ 13ರಂದು ಮೆಸ್ಸಿ ಬಂದಾಗ, ಅವರನ್ನು ಸರಿಯಾಗಿ ಕಾಣಲಾಗದೆ ರೊಚ್ಚಿಗೆದ್ದ ಪ್ರೇಕ್ಷಕರು ಕುರ್ಚಿ ಕಿತ್ತು ಮೈದಾನಕ್ಕೆ ಎಸೆದದ್ದು ಅಲ್ಲಿಯೇ. ವಿಶಾಲ ಜಾಗ, ಅಗಲ ರಸ್ತೆಗಳಿದ್ದರೂ ಕಾರ್ಯಕ್ರಮದ ಯೋಜನೆ ಹದ ತಪ್ಪಿದರೆ ಕಟ್ಟಡ ಕಾಪಾಡುವುದಿಲ್ಲ.

ಊರಾಚೆಯ ಹೊಸ ಅಂಗಳಗಳ ಅನುಭವವೂ ನಮ್ಮ ದೇಶದಲ್ಲಿ ಸಾಕಷ್ಟಿದೆ. ನಾಗಪುರದವರು ಸಿವಿಲ್ ಲೈನ್ಸಿನ ಹಳೆಯ ಅಂಗಳ ಬಿಟ್ಟು 2008ರಲ್ಲಿ ವಾರ್ಧಾ ರಸ್ತೆಯ ಜಾಮ್ಠಾಕ್ಕೆ ಹೋದರು. ಪುಣೆಯವರು ನೆಹರೂ ಕ್ರೀಡಾಂಗಣದಿಂದ ಎಕ್ಸ್‌ಪ್ರೆಸ್‌ವೇ ಬದಿಯ ಗಹುಂಜೆಗೆ. ಐಪಿಎಲ್ ರಾತ್ರಿಗಳಲ್ಲಿ, ವಿಶ್ವಕಪ್ ಪಂದ್ಯಗಳಲ್ಲಿ ಇವು ತುಂಬುತ್ತವೆ. ಟೆಸ್ಟ್ ಪಂದ್ಯದ ಬೆಳಗುಗಳಲ್ಲಿ ಸಾಲುಸಾಲು ಖಾಲಿ ಕುರ್ಚಿಗಳು. 2019ರಲ್ಲಿ ರಾಂಚಿಯ ಹೊಸ ಅಂಗಳದಲ್ಲಿ ಟೆಸ್ಟ್ ಗೆದ್ದ ಮೇಲೆ ವಿರಾಟ್ ಕೊಹ್ಲಿ ಟೆಸ್ಟಿಗೆ ಐದು ಗಟ್ಟಿ ಕೇಂದ್ರಗಳು ಸಾಕು ಎಂದದ್ದರ ಹಿಂದೆ ಈ ಖಾಲಿತನವಿತ್ತು. ಚಿನ್ನಸ್ವಾಮಿಗೆ ಕಚೇರಿಯಿಂದ ಅರ್ಧ ದಿನ ರಜೆ ಹಾಕಿ ಬರಬಹುದು, ಕಾಲೇಜು ಮುಗಿಸಿ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದು ಬರಬಹುದು. ರಣಜಿ ಪಂದ್ಯಕ್ಕೂ ನಾಲ್ಕು ಜನ ಬಂದು ಕೂರುವುದು ಇದರಿಂದಲೇ. ಸೂರ್ಯನಗರದ ಕಡೆಗೂ ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟಿನಿಂದ ಬೊಮ್ಮಸಂದ್ರದವರೆಗೆ ಓಡುತ್ತಿದೆಯಲ್ಲ ಎಂದು ಕೇಳಬಹುದು. ಆದರೆ ಅದು ಕೊನೆಯ ನಿಲ್ದಾಣ. ಜನ ಮರಳುವುದು ಒಂದೇ ದಿಕ್ಕಿಗೆ. 80,000 ಪ್ರೇಕ್ಷಕರಲ್ಲಿ ಅರ್ಧದಷ್ಟು ಜನ ಮೆಟ್ರೊ ಹತ್ತುತ್ತಾರೆ, ಒಂದು ರೈಲು 2,000 ಮಂದಿಯನ್ನು ಒಯ್ಯುತ್ತದೆ ಎಂದು ಹಿಡಿದರೆ 20 ರೈಲುಗಳು ಬೇಕು. ಐದು ನಿಮಿಷಕ್ಕೊಂದು ಬಿಟ್ಟರೂ ಕೊನೆಯವರು ಹೊರಡಲು ಒಂದೂವರೆ ಗಂಟೆಗೂ ಹೆಚ್ಚು ಬೇಕು. ರಾತ್ರಿ ಹನ್ನೊಂದರ ನಂತರದ ಲೆಕ್ಕ ಇದು. ಉಳಿದ 40,000 ಜನರಿಗೆ ಹೊಸೂರು ರಸ್ತೆಯೇ ಗತಿ. ಸಂದಣಿಯನ್ನು ಗೇಟಿನಿಂದ ನಿಲ್ದಾಣದ ಮೆಟ್ಟಿಲಿಗೆ ಸಾಗಿಸಿದಂತೆ ಆಗುತ್ತದೆ, ಅಷ್ಟೆ.

ಈ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪ ಜಾಗದ್ದು. ಚಿನ್ನಸ್ವಾಮಿ ನಿಂತಿರುವುದು ಸುಮಾರು 17 ಎಕರೆಯಲ್ಲಿ. ಅಹಮದಾಬಾದಿನ ಮೊಟೆರಾದಲ್ಲಿ 63 ಎಕರೆಯಿತ್ತು, ಹಾಗಾಗಿ ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ 1,32,000 ಆಸನಗಳ ಅಂಗಳ ಎಬ್ಬಿಸಲು ಸಾಧ್ಯವಾಯಿತು. ಗೇಟುಗಳನ್ನು ಹೆಚ್ಚಿಸಿ ಎಂದರೆ ಎಲ್ಲಿ ಹೆಚ್ಚಿಸುವುದು, ಗೋಡೆ ದಾಟಿದರೆ ರಸ್ತೆಯಲ್ಲವೇ? ಇದಕ್ಕೆ ಉತ್ತರ ಬಾಸ್ಟನ್ನಿನ ಫೆನ್‌ವೇ ಪಾರ್ಕಿನಲ್ಲಿದೆ. 1912ರಲ್ಲಿ ತೆರೆದ ಆ ಬೇಸ್‌ಬಾಲ್ ಅಂಗಳವನ್ನು ಬಿಟ್ಟು ಪಕ್ಕದಲ್ಲಿ ಹೊಸದು ಕಟ್ಟುವ, 50 ಕೋಟಿ ಡಾಲರಿಗೂ ಮೇಲ್ಪಟ್ಟ ಯೋಜನೆ 1999ರಲ್ಲಿ ಸಿದ್ಧವಾಗಿತ್ತು. 2002ರಲ್ಲಿ ಬಂದ ಹೊಸ ಮಾಲೀಕರು ಅದನ್ನು ಕೈಬಿಟ್ಟರು. ಹತ್ತು ವರ್ಷ, ಪ್ರತಿ ಚಳಿಗಾಲದ ಬಿಡುವಿನಲ್ಲಿ ಒಂದಷ್ಟು ಭಾಗದಂತೆ, ಒಟ್ಟು 28.5 ಕೋಟಿ ಡಾಲರಿನಷ್ಟು ಖರ್ಚಿನಲ್ಲಿ ಹಳೆಯದನ್ನೇ ನವೀಕರಿಸಿದರು. ಒಳಗಿನ ಓಡಾಟಕ್ಕೆ ಜಾಗ ಸಾಲದ್ದಕ್ಕೆ ಅವರು ಕಂಡುಕೊಂಡ ದಾರಿ ನಮಗೆ ನೇರವಾಗಿ ಒದಗುವಂಥದ್ದು: ಪಂದ್ಯದ ದಿನ ಪಕ್ಕದ ರಸ್ತೆಯನ್ನು ವಾಹನಗಳಿಗೆ ಮುಚ್ಚಿ, ಟಿಕೆಟ್ ತಪಾಸಣೆಯನ್ನು ರಸ್ತೆಯ ತುದಿಗೆ ಒಯ್ದು, ಇಡೀ ರಸ್ತೆಯನ್ನು ಅಂಗಳದ ಒಳಪ್ರಾಕಾರ ಮಾಡಿಕೊಂಡರು. ಕ್ವೀನ್ಸ್ ರಸ್ತೆ, ಕಬ್ಬನ್ ರಸ್ತೆಗಳ ಬದಿಯಲ್ಲಿ ಇದೇ ಕ್ರಮ ಕಾನೂನುಬದ್ಧವಾಗಿ ನೆಲೆಗೊಂಡರೆ ಟಿಕೆಟ್ ಇಲ್ಲದವರು ಗೇಟಿನ ಹತ್ತಿರ ಬರುವ ಪ್ರಸಂಗವೇ ಇರದು. ಜೊತೆಗೆ ಆಸನಗಳನ್ನು, ಉದಾಹರಣೆಗೆ, 28,000ಕ್ಕೆ ಇಳಿಸಿದರೆ ಬೇಕಾಗುವ ದ್ವಾರಗಳು 43, ಮೆಟ್ಟಿಲಿನ ಅಗಲ 53 ಮೀಟರ್. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮಾತು ಇದು. ಮುಂಬೈಯ ವಾಂಖೆಡೆ 2011ರಲ್ಲಿ 33,000ಕ್ಕೆ ಇಳಿದಾಗ ಮಾಡಿದ್ದೂ ಇದನ್ನೇ. ಇನ್ನು, ನವೀಕರಣವೆಂದರೆ ದುಡ್ಡು ಸುರಿಯುತ್ತಲೇ ಇರುವ ಕೆಲಸವೆಂಬ ಆಕ್ಷೇಪ. ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣಕ್ಕೆ 2010ರಲ್ಲಿ 900 ಕೋಟಿಗೂ ಮಿಕ್ಕಿ ಸುರಿದು, ಹದಿನೈದು ವರ್ಷಕ್ಕೆ ಕೆಡವುವ ಯೋಜನೆ ಹಾಕಿರುವುದು ಸುಳ್ಳಲ್ಲ. ಆದರೆ ಅಲ್ಲಿ ಆದದ್ದು ಒಂದು ಕ್ರೀಡಾಕೂಟದ ಗಡುವಿಗೆ ಕಟ್ಟಿದ ನವೀಕರಣ. ಫೆನ್‌ವೇಯಲ್ಲಿ ಆದದ್ದು ದಿನನಿತ್ಯದ ಬಳಕೆಯನ್ನು ನೋಡಿ ಮಾಡಿದ್ದು.

ಆಸನ ಇಳಿಸಿದರೆ ಟಿಕೆಟ್ ದರ ಏರಿ ಬಡ ಅಭಿಮಾನಿ ಹೊರಗುಳಿಯುತ್ತಾನೆ ಎಂಬ ಆಕ್ಷೇಪಕ್ಕೆ ಉತ್ತರ ಅಷ್ಟು ಸುಲಭವಲ್ಲ. ಇದು ನಿಜವಾದ ಭಯ. ಫೆನ್‌ವೇಯ ಟಿಕೆಟ್ಟುಗಳೂ ದುಬಾರಿಯೇ ಆದವು. ಇಲ್ಲಿ ನವೀಕರಣದ ಪರವಾದ ವಾದ ತನ್ನ ಮಿತಿಯನ್ನು ಒಪ್ಪಿಕೊಳ್ಳಬೇಕು. ಮೆಟ್ಟಿಲು ಅಗಲ ಮಾಡುವುದು ಎಂಜಿನಿಯರರ ಕೆಲಸ, ಟಿಕೆಟ್ ದರ ಹಿಡಿತದಲ್ಲಿಡುವುದು ಆಡಳಿತದ ಕೆಲಸ. ಮೊದಲನೆಯದು ಎರಡನೆಯದನ್ನು ತಾನಾಗಿ ತಂದುಕೊಡುವುದಿಲ್ಲ. ಆದರೂ ಎರಡು ಮಾತು ಹೇಳಬಹುದು. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕುಗಳು 48,390 ಕೋಟಿ ರೂಪಾಯಿಗೆ ಮಾರಾಟವಾದ ಕಾಲದಲ್ಲಿ ಏಳು ಸಾವಿರ ಆಸನಗಳ ನಷ್ಟ ಈ ಆಟದ ಜೀವ ತೆಗೆಯುವುದಿಲ್ಲ. ಮತ್ತು ಕಡಿತ ಎಲ್ಲಿಂದ ಶುರುವಾಗಬೇಕು ಎಂಬುದು ಆಯ್ಕೆಯ ವಿಷಯ: ಕಂಪನಿಗಳ ಬಾಕ್ಸುಗಳು, ಉಚಿತ ಪಾಸುಗಳು ಮೊದಲು ಕರಗಲಿ, ಅಗ್ಗದ ಸ್ಟ್ಯಾಂಡುಗಳ ಪಾಲನ್ನು ಕ್ರೀಡಾಂಗಣ ಬಳಕೆಯ ಪರವಾನಗಿಯಲ್ಲೇ ನಮೂದಿಸಲಿ. ನಗರದ ಹೃದಯದಲ್ಲಿ, ಬಸ್ಸು ಮೆಟ್ರೊ ಖರ್ಚಿನಲ್ಲಿ ತಲುಪುವ ಆಸನ, ದೂರದ ಆಸನಕ್ಕಿಂತ ಬಡವನಿಗೆ ಅಗ್ಗವೇ.

ಸೂರ್ಯನಗರದ ಯೋಜನೆ ಬೇಡವೆಂಬುದು ಈ ಲೇಖನದ ನಿಲುವಲ್ಲ. ವಿಶ್ವಕಪ್ ಫೈನಲ್ಲು, ದೊಡ್ಡ ಸಂಗೀತ ಸಮಾರಂಭ, ಅಥ್ಲೆಟಿಕ್ಸ್ ಇವಕ್ಕೆ ಬೆಂಗಳೂರಿಗೆ ವಿಶಾಲ ಅಂಗಳ ಬೇಕಾಗಬಹುದು. ಆದರೆ ಚಿನ್ನಸ್ವಾಮಿಯ ಬದಲಿಗೆ ಅದು ಎಂಬ ಸಮೀಕರಣವನ್ನು ಕೈಬಿಡಬೇಕು. ಹೊಸದು ಏಳಲು ವರ್ಷಗಳು ಹಿಡಿಯುತ್ತವೆ, ಅಲ್ಲಿಯವರೆಗೂ ಜನ ಬರುವುದು ಕ್ವೀನ್ಸ್ ರಸ್ತೆಗೇ. ಆದ್ದರಿಂದ ಮೊದಲ ಹಣ, ಮೊದಲ ಎಂಜಿನಿಯರರು ಹೋಗಬೇಕಾದದ್ದು ಅಲ್ಲಿಗೆ: ಪ್ರತಿಯೊಂದು ಗೇಟಿನ, ಮೆಟ್ಟಿಲಿನ ಅಗಲವನ್ನು ಅಳೆದು, ನಾಲ್ಕು ಲೆಕ್ಕಗಳಲ್ಲಿ ಅತ್ಯಂತ ಕಡಿಮೆ ಬಂದ ಸಂಖ್ಯೆಯನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದು, ಮುಂದಿನ ಪಂದ್ಯಕ್ಕೆ ಅಷ್ಟೇ ಟಿಕೆಟ್ ಮಾರಬೇಕು. ಸೂರ್ಯನಗರದ ನಕ್ಷೆಯಲ್ಲೂ ಆಸನಗಳ ಸಂಖ್ಯೆಗಿಂತ ಮೊದಲು 122 ದ್ವಾರಗಳು ಎಲ್ಲಿ ಬರುತ್ತವೆ, ಅವುಗಳಿಂದ ಹೊರಬಿದ್ದವರು ಯಾವ ರಸ್ತೆಯಲ್ಲಿ ನಡೆದು ಯಾವ ನಿಲ್ದಾಣ ಸೇರುತ್ತಾರೆ ಎಂಬುದನ್ನು ಗುರುತಿಸಿರಬೇಕು.